ಗೇಮ್ ಆಡಿ ಬೆಳೆದವರ ಕಾರ್ಟೂನ್: ರೆಫರೆನ್ಸ್ ಬಿಡಿ, ಕೆಲಸದೊಳಗೆ ಇಳಿದಿರೋದು ಏನು?

(ಇದೊಂದು ಆನ್‌ಲೈನ್ ಚರ್ಚೆ. ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು.)

ಮೂರುಬಣ್ಣ

2010ರ ನಂತರದ ಅಮೆರಿಕನ್ ಟಿವಿ ಕಾರ್ಟೂನ್ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ಕೂರುತ್ತೆ. ‘ಅಡ್ವೆಂಚರ್ ಟೈಮ್’ನ ಬಿಮೊ ನಡೆದಾಡೋ ಗೇಮ್ ಕನ್ಸೋಲ್. ‘ರೆಗ್ಯುಲರ್ ಶೋ’ದಲ್ಲಿ ಮೊರ್ಡೆಕೈ, ರಿಗ್ಬಿ ಆಡೋ ಯಂತ್ರ ಸೆಗಾ ಮಾಸ್ಟರ್ ಸಿಸ್ಟಮ್ ಹಾಗೇ ಇದೆ. ‘ಗ್ರಾವಿಟಿ ಫಾಲ್ಸ್’ನ ರಂಬಲ್ ಮಕ್‌ಸ್ಕರ್ಮಿಶ್ ಸ್ಟ್ರೀಟ್ ಫೈಟರ್‌ನಿಂದ ಎದ್ದು ಬಂದವನು. ಇದೆಲ್ಲ ಗುರುತು ಹಿಡಿಯೋ ಆಟ. ಹಿಡಿದ ಮೇಲೆ ಏನು?

ನನ್ನ ವಾದ ಇಷ್ಟು: 8-ಬಿಟ್, 16-ಬಿಟ್ ಅನ್ನೋ ಹಳೇ, ಕಮ್ಮಿ ಶಕ್ತಿಯ ಗೇಮ್ ಯಂತ್ರಗಳ ಮುಂದೆ ಬೆಳೆದವರು ಕಾರ್ಟೂನಿಗೆ ತಂದ ದೊಡ್ಡ ಆಸ್ತಿ ಆ ಯಂತ್ರಗಳ ಬಡತನದಿಂದ ಹುಟ್ಟಿದ ಅಭ್ಯಾಸಗಳು. ಒಂದು ಚಿತ್ರವನ್ನ ಎಷ್ಟು ಹೊತ್ತು ಅಲ್ಲಾಡಿಸದೆ ಇಡಬೇಕು, ಕ್ಯಾಮೆರಾ ಯಾಕೆ ಪಕ್ಕದಿಂದಲೇ ನೋಡಬೇಕು, ಪ್ರಪಂಚದ ನಿಯಮ ಎಷ್ಟು ಬಿಗಿ ಇರಬೇಕು, ಇಂಥವು.

ಹಳೇ ಉದಾಹರಣೆಯಿಂದಲೇ ಶುರು ಮಾಡ್ತೀನಿ. 1981ರ ‘ಡಾಂಕಿ ಕಾಂಗ್’ ಗೇಮಿಗೆ ನಿಂಟೆಂಡೊ ಕಂಪನಿಯ ವಿನ್ಯಾಸಕ ಮಿಯಾಮೊಟೊ ಬರೆದ ಮಾರಿಯೊಗೆ ಸಿಕ್ಕಿದ್ದು ಹೆಚ್ಚುಕಮ್ಮಿ 16×16 ಚುಕ್ಕಿ, 3 ಬಣ್ಣ. ಕೂದಲು ಬರೆಯೋಕೆ ಜಾಗ ಇಲ್ಲ, ಟೋಪಿ ಬಂತು. ಬಾಯಿ ಬರೆಯೋಕೆ ಆಗಲ್ಲ, ಮೂಗಿನ ಕೆಳಗೆ ಮೀಸೆ ಬಂತು. ಕೈ ಬೀಸೋದು ಮೈಬಣ್ಣದಲ್ಲಿ ಕರಗಿಹೋಗುತ್ತೆ, ಅದಕ್ಕೇ ಅಂಗಿಗೊಂದು ಬಣ್ಣ, ಮೇಲಂಗಿಗೊಂದು ಬಣ್ಣ. ಪಾತ್ರ ವಿನ್ಯಾಸಕ್ಕೆ ಈಗಲೂ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ಮಾಡೆಲ್ ಶೀಟಿನ (ಪಾತ್ರ ಹೇಗಿರಬೇಕು ಅನ್ನೋ ಮಾದರಿ ಹಾಳೆಯ) ಚಿತ್ರವನ್ನ 32 ಪಿಕ್ಸೆಲ್ ಎತ್ತರಕ್ಕೆ ಇಳಿಸಿ, ಬಣ್ಣವನ್ನ ಮೂರಕ್ಕೆ ಕತ್ತರಿಸಿ. ಅದು ಯಾರು, ಯಾವ ಕಡೆ ಮುಖ ಮಾಡಿದೆ, ಕೈ ಎಲ್ಲಿದೆ, ಈ ಮೂರೂ ಗೊತ್ತಾಗದಿದ್ದರೆ ದೊಡ್ಡ ಪರದೆಯಲ್ಲೂ ಆ ಪಾತ್ರ ಲಾಂಗ್ ಶಾಟಿನಲ್ಲಿ ಸಾಯುತ್ತೆ.

ಟೈಮಿಂಗ್ ಬಲ್ಲವರು ಇಲ್ಲಿದ್ದೀರಿ. ಮುಂದುವರಿಸಿ.

ಎಕ್ಸ್‌ಶೀಟ್

ಟೈಮಿಂಗ್ ಅಂದ್ರೆ ಮೊದಲು ಲೆಕ್ಕ. ಗೇಮ್ ಸೆಕೆಂಡಿಗೆ 60 ಫ್ರೇಮ್, ಕಾರ್ಟೂನ್ 24. ಗೇಮಿನ ಫ್ರೇಮ್ ಸಂಖ್ಯೆಯನ್ನ 0.4ರಿಂದ ಗುಣಿಸಿದರೆ ನಮ್ಮ ಫ್ರೇಮ್ ಸಿಗುತ್ತೆ.

ಫೈಟಿಂಗ್ ಗೇಮಿನಲ್ಲಿ ಒಂದು ಹೊಡೆತಕ್ಕೆ ಮೂರು ಭಾಗ: ಏಟು ಹೊರಡೋವರೆಗಿನ ಸ್ಟಾರ್ಟ್‌ಅಪ್, ತಾಗೋ ಆಕ್ಟಿವ್, ಕೈ ಹಿಂದೆ ಬರೋ ರಿಕವರಿ. ಚುರುಕಾದ ಜ್ಯಾಬ್‌ಗೆ ಸ್ಟಾರ್ಟ್‌ಅಪ್ 3 ಅಥವಾ 4 ಫ್ರೇಮ್. ನಮ್ಮ ಲೆಕ್ಕದಲ್ಲಿ ಅದು ಎರಡು ಫ್ರೇಮೂ ಆಗಲ್ಲ. ಬಟನ್ ಒತ್ತಿದವನಿಗೆ ಕೈ ತಕ್ಷಣ ಹೋಗಬೇಕು, ಅದಕ್ಕೇ ಗೇಮಿನಲ್ಲಿ ಆಂಟಿಸಿಪೇಷನ್‌ಗೆ (ಏಟಿಗೂ ಮುಂಚಿನ ತಯಾರಿ ಚಲನೆಗೆ) ಪುರುಸೊತ್ತಿಲ್ಲ. ಹಳೇ ಶಾಲೆಯ ಕಾರ್ಟೂನ್ ಇದರ ತಲೆಕೆಳಗು: 6ರಿಂದ 10 ಫ್ರೇಮ್ ಕೈ ಹಿಂದೆಳೆದು, ಆಮೇಲೆ ಏಟು.

ಹಾಗಾದರೆ ಗೇಮಿನ ಏಟಿಗೆ ತೂಕ ಎಲ್ಲಿಂದ ಬರುತ್ತೆ? ಏಟು ತಾಗಿದ *ಮೇಲೆ*. ಅದೇ ಹಿಟ್‌ಸ್ಟಾಪ್. ತಾಗಿದ ಕ್ಷಣ ಇಬ್ಬರೂ ಸ್ತಬ್ಧ, ಆಟದಿಂದ ಆಟಕ್ಕೆ ಸುಮಾರು 8ರಿಂದ 15 ಫ್ರೇಮ್. ಹೊಡೆದವನು ಅಲ್ಲಾಡಲ್ಲ, ಹೊಡೆಸಿಕೊಂಡವನು ಮಾತ್ರ ನಿಂತಲ್ಲೇ ನಡುಗ್ತಾನೆ. ‘ಸ್ಟ್ರೀಟ್ ಫೈಟರ್ 2’ನಲ್ಲಿ ಇದು ಬರಿಗಣ್ಣಿಗೇ ಕಾಣುತ್ತೆ. ಈ ತಲೆಮಾರಿನ ಕಾರ್ಟೂನುಗಳ ಹೊಡೆದಾಟ ನಿಲ್ಲಿಸಿ ನಿಲ್ಲಿಸಿ ನೋಡಿ, ಆಂಟಿಸಿಪೇಷನ್ ಕುಗ್ಗಿ ಹೋಲ್ಡ್ (ಚಿತ್ರ ಅಲ್ಲಾಡದೆ ನಿಲ್ಲೋದು) ಬೆಳೆದಿರೋದು ಗೊತ್ತಾಗುತ್ತೆ.

ಎಕ್ಸ್‌ಶೀಟಿನಲ್ಲಿ (ಫ್ರೇಮ್ ಫ್ರೇಮಿನ ಲೆಕ್ಕ ಬರೆಯೋ ಹಾಳೆಯಲ್ಲಿ) ಹೀಗೆ ಬರೆದುಕೊಳ್ಳಿ: ಆಂಟಿಸಿಪೇಷನ್ 2 ಫ್ರೇಮ್, ಸ್ಮಿಯರ್ (ವೇಗ ತೋರಿಸೋಕೆ ಎಳೆದು ಬರೆದ ಚಿತ್ರ) 1, ತಾಗಿದ ಚಿತ್ರ 4 ಫ್ರೇಮ್ ಹೋಲ್ಡ್. ಹೋಲ್ಡ್ ಇದ್ದಷ್ಟೂ ಹೊತ್ತು ಏಟು ತಿಂದವನ ಲೇಯರ್ ಒಂದು ಫ್ರೇಮ್ ಎಡಕ್ಕೆ, ಒಂದು ಫ್ರೇಮ್ ಬಲಕ್ಕೆ, 1080 ಪರದೆಯಲ್ಲಿ 4ರಿಂದ 8 ಪಿಕ್ಸೆಲ್. ಆಮೇಲೆ ಹಾರಿಸಿ.

ಕೆಡೋದು ನಾಲ್ಕು ಕಡೆ. ಕ್ಯಾಮೆರಾ ಪ್ಯಾನ್ ಆಗ್ತಾ (ಪಕ್ಕಕ್ಕೆ ಸರೀತಾ) ಇರುವಾಗ ಪಾತ್ರ ಮಾತ್ರ ನಿಂತರೆ ವಿಡಿಯೊ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತೆ, ಆ 4 ಫ್ರೇಮ್ ಕ್ಯಾಮೆರಾನೂ ನಿಲ್ಲಬೇಕು. ಎಲ್ಲ ಏಟಿಗೂ 4 ಫ್ರೇಮೇ ಇಟ್ಟರೆ ಎಲ್ಲದರ ತೂಕ ಒಂದೇ ಆಗುತ್ತೆ. ಸಣ್ಣದಕ್ಕೆ 2, ಕೊನೆ ಏಟಿಗೆ 6. ಸದ್ದು ಹೋಲ್ಡಿನ ಮೊದಲ ಫ್ರೇಮಿಗೇ ಬೀಳಬೇಕು, ಮೂರನೆಯದಕ್ಕೆ ಬಿದ್ದರೆ ಏಟು ಎರಡಾಗಿ ಕೇಳುತ್ತೆ. ಕೊನೆಯದು, ಸ್ಟೋರಿಬೋರ್ಡ್ (ಶಾಟುಗಳ ಕರಡು ಚಿತ್ರ) ಒಂದು ಊರಲ್ಲಿ, ಅನಿಮೇಷನ್ ಇನ್ನೊಂದು ದೇಶದಲ್ಲಿ ಆದಾಗ: ಶೀಟಿನಲ್ಲಿ ‘ಹೋಲ್ಡ್’ ಅಂತ ಗೆರೆ ಎಳೆದು ಬರೆಯದಿದ್ದರೆ ಇನ್‌ಬಿಟ್ವೀನ್ (ನಡುವಿನ ಚಿತ್ರ) ಹಾಕುವವರು ಪಾಪ ಒಳ್ಳೇ ಮನಸ್ಸಿನಿಂದ ಖಾಲಿ ಜಾಗ ತುಂಬಿಬಿಡ್ತಾರೆ. ಮುಗೀತು ಏಟು.

ದಾಳ_ಉರುಳಿಸು

ಟೈಮಿಂಗ್ ಮಾತು ಒಪ್ಪಿದೆ. ಮೂಲ ವಾದಕ್ಕೆ ತಕರಾರಿದೆ. ‘ಅಡ್ವೆಂಚರ್ ಟೈಮ್’ ಕಟ್ಟಿದ ಪೆಂಡಲ್‌ಟನ್ ವಾರ್ಡ್‌ಗೆ ವಿಡಿಯೊ ಗೇಮಿನಷ್ಟೇ, ನನ್ನ ಕೇಳಿದರೆ ಅದಕ್ಕಿಂತ ಜಾಸ್ತಿ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಮೇಜಿನಾಟದ ಋಣ ಇದೆ. ಗುಹೆ, ನಿಧಿ, ಯಾರೋ ಒಬ್ಬ ಬಾಗಿಲಲ್ಲಿ ನಿಂತು ಒಗಟು ಕೇಳೋದು, ಇದೆಲ್ಲ ದಾಳ ಉರುಳಿಸೋ ಮೇಜಿನ ವ್ಯಾಕರಣ. ಗೇಮುಗಳೇ ಅದನ್ನ ಮೇಜಿನಿಂದ ಕದ್ದಿವೆ. ಹೊಡೆದಾಟದ ಹೋಲ್ಡ್ ಅಂತೀರಾ, ಜಪಾನೀ ಅನಿಮೆಯಲ್ಲಿ ದುಡ್ಡು ಉಳಿಸೋಕೆ ಹೋಲ್ಡ್ ಮೊದಲಿಂದ ಇತ್ತು. ಬಾಲ್ಯದಲ್ಲಿ ಇವರು ಟಿವಿನೂ ನೋಡಿದ್ದಾರೆ, ಕಾಮಿಕ್ಸೂ ಓದಿದ್ದಾರೆ. ಎಲ್ಲಾನೂ ಗೇಮಿನ ಖಾತೆಗೆ ಯಾಕೆ ಜಮಾ ಮಾಡಬೇಕು?

ಇನ್ನೊಂದು. ಆ ಶೋಗಳ ಕೆಲಸದ ಪದ್ಧತಿ ಮರೀಬೇಡಿ. 11 ನಿಮಿಷದ ಎಪಿಸೋಡ್, ಎರಡು-ಮೂರು ಪುಟದ ಔಟ್‌ಲೈನ್, ಇಬ್ಬರು ಸ್ಟೋರಿಬೋರ್ಡ್ ಕಲಾವಿದರೇ ಬೋರ್ಡಿನಲ್ಲಿ ಮಾತೂ ಬರೀತಾರೆ. ಹಾಗಾಗಿ ಒಂದು ಶೋನಲ್ಲಿ ಹತ್ತು ಜನರ ಬಾಲ್ಯ ಸುರಿದಿರುತ್ತೆ. ಸೃಷ್ಟಿಕರ್ತ ಅಂತ ಒಬ್ಬರ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತೆ.

ಮೂರುಬಣ್ಣ

ದಾಳದವರೇ, ಎರಡನೇ ಮಾತು ಸರಿ. ಮೊದಲನೆಯದಕ್ಕೆ ಉತ್ತರ: ಗೇಮು ಬೇರೆ ಕಡೆಯಿಂದ ಕದ್ದಿದ್ದರೂ, ಕದ್ದದ್ದನ್ನ *ಎಣಿಸಿ* ಕೊಟ್ಟಿತು. ಆ ಎಣಿಕೆಯೇ ಕಾರ್ಟೂನಿಗೆ ಬಂದಿರೋದು.

ಇದಕ್ಕೆ ನೇರ ಸಾಕ್ಷಿ ಇಯಾನ್ ಜೋನ್ಸ್-ಕ್ವಾರ್ಟಿ. ಕಾರ್ಟೂನಿಗೆ ಬರೋ ಮುಂಚೆ, 2000ದಲ್ಲಿ, ಹದಿಹರೆಯದಲ್ಲೇ ‘ಆರ್‌ಪಿಜಿ ವರ್ಲ್ಡ್’ ಅನ್ನೋ ವೆಬ್‌ಕಾಮಿಕ್ ಶುರು ಮಾಡಿದವರು. ಕನ್ಸೋಲ್ ಆರ್‌ಪಿಜಿಗಳ (ಪಾತ್ರ ವಹಿಸಿ ಲೆವೆಲ್ ಏರೋ ಗೇಮುಗಳ) ಲಾಜಿಕ್ಕನ್ನ ಗೇಲಿ ಮಾಡೋದೇ ಅದರ ಕಸುಬು. 2005ರಲ್ಲಿ ಅರ್ಧಕ್ಕೆ ನಿಂತಿತು. 2017ರಿಂದ 2019ರವರೆಗೆ ಬಂದ ‘ಓಕೆ ಕೆ.ಓ.! ಲೆಟ್ಸ್ ಬಿ ಹೀರೋಸ್’ ಅದೇ ತಲೆಯ ಕೂಸು. ಅಲ್ಲಿ ಪ್ರತಿ ಹೀರೋಗೂ ಪೌ ಕಾರ್ಡ್, ಕಾರ್ಡಿನ ಮೇಲೆ ಲೆವೆಲ್. ಕತೆಯ ಹುಡುಗ ಕೆ.ಓ. ಹೊರಡೋದು 0ಯಿಂದ. ಎದುರು ಬೀದಿಯಲ್ಲಿ ಬಾಕ್ಸ್‌ಮೋರ್ ಕಾರ್ಖಾನೆ, ಅಲ್ಲಿಂದ ರೋಬೋಟುಗಳು ಡಬ್ಬದಲ್ಲಿ ಪ್ಯಾಕ್ ಆಗಿ ಬಂದು ಬೀಳ್ತವೆ, ಸೋತರೆ ಇನ್ನೊಂದು ಪ್ರತಿ ಬರುತ್ತೆ. ಶತ್ರುಗಳನ್ನ ಬಡೀತಾ ಸಾಗೋ ಬೀಟ್-ಎಮ್-ಅಪ್ ಗೇಮಿನ ಶತ್ರು ಅಲೆ ಇದಲ್ಲದೆ ಇನ್ನೇನು? ಶತ್ರು ಸತ್ತರೂ ಮತ್ತೆ ಸಿಗ್ತಾನೆ ಅನ್ನೋ ನಿಯಮ ಇರೋದ್ರಿಂದಲೇ ಮಕ್ಕಳ ಚಾನೆಲ್ಲಿನಲ್ಲಿ ದಿನಾ ಅಷ್ಟು ರೋಬೋಟ್ ಪುಡಿ ಮಾಡೋಕೆ ಆಯ್ತು.

ಲೆವೆಲ್ ಸಂಖ್ಯೆ ಇದ್ದರೆ ಬರೆಯುವವರಿಗೆ ಅನುಕೂಲ ಇದು: ಯಾರು ಯಾರಿಗಿಂತ ಬಲಶಾಲಿ ಅಂತ ಸಂಭಾಷಣೆಯಲ್ಲಿ ಹೇಳಬೇಕಿಲ್ಲ. ಅನನುಕೂಲ: ಸಂಖ್ಯೆ ತೋರಿಸಿದ ಮೇಲೆ ಅದಕ್ಕೆ ಬದ್ಧರಾಗಬೇಕು. ಲೆವೆಲ್ 2 ಲೆವೆಲ್ 9ನ್ನ ಸೋಲಿಸಿದರೆ ಕಾರಣ ಕಾಣಬೇಕು, ಇಲ್ಲವಾದರೆ ಮುಂದಿನ ಯಾವ ಕಾರ್ಡಿಗೂ ಬೆಲೆ ಇಲ್ಲ. ಶೋ ಬೈಬಲ್ (ಶೋದ ನಿಯಮ ಪುಸ್ತಕ) ಬರೆಯುವಾಗಲೇ ಒಂದು ಸಾಲು ಬೇಕು: ಸಂಖ್ಯೆ ಏನನ್ನ ಅಳೆಯುತ್ತೆ, ಏನನ್ನ ಅಳೆಯಲ್ಲ.

ನಿಯಮದಿಂದಲೇ ಕ್ಲೈಮ್ಯಾಕ್ಸ್ ತೆಗೆದದ್ದಕ್ಕೆ ‘ಗ್ರಾವಿಟಿ ಫಾಲ್ಸ್’ನ ‘ಫೈಟ್ ಫೈಟರ್ಸ್’ ಎಪಿಸೋಡ್ ನೋಡಿ, 2012. ಪಿಕ್ಸೆಲ್ ಕಾದಾಳಿ ರಂಬಲ್‌ನನ್ನ ಕತೆಯ ಹುಡುಗ ಡಿಪ್ಪರ್ ಗೇಮಿನಿಂದ ಹೊರಗೆ ಕರೀತಾನೆ, ಅವನು ಹತೋಟಿಗೆ ಸಿಗಲ್ಲ. ಪರಿಹಾರ ಗೆಲುವಲ್ಲ. ಡಿಪ್ಪರ್ ಏಟು ತಿಂದು ಸೋಲ್ತಾನೆ. ಯಾರು ಗೆದ್ದರೂ ಪಂದ್ಯ ಮುಗಿಯುತ್ತೆ, ಪಂದ್ಯ ಮುಗಿದರೆ ಗೇಮ್ ಓವರ್, ರಂಬಲ್ ಮಾಯ. ಹೀಗೆ ಬರೆಯೋಕೆ ಆರ್ಕೇಡ್ ಗೊತ್ತಿದ್ದವರೇ ಬೇಕು.

ಕೊನೆವರ್ಷ

ನಮಸ್ಕಾರ ಎಲ್ಲರಿಗೂ. ಡಿಪ್ಲೊಮಾ ಫಿಲ್ಮ್ ಬಗ್ಗೆ ಎರಡು ಪ್ರಶ್ನೆ. ಕೈಯಲ್ಲಿ ಬರೆದ ಬ್ಯಾಕ್‌ಗ್ರೌಂಡ್ ಮೇಲೆ ಪಿಕ್ಸೆಲ್ ಪಾತ್ರ ಇಟ್ಟರೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತೆ, ಅಂಚೂ ಮಸುಕು. ಎರಡನೇದು, ಸೈಡ್ ಸ್ಕ್ರೋಲ್ ಶಾಟಿನಲ್ಲಿ ಕಾಲು ನೆಲದ ಮೇಲೆ ಜಾರುತ್ತೆ. ವಾಕ್ ಸೈಕಲ್ (ಮತ್ತೆ ಮತ್ತೆ ಬರೋ ನಡಿಗೆ) 8 ಚಿತ್ರ, ಟೂಸ್‌ನಲ್ಲಿದೆ (ಒಂದು ಚಿತ್ರ ಎರಡು ಫ್ರೇಮ್). ಪ್ಯಾನ್ ಒನ್ಸ್‌ನಲ್ಲಿದೆ (ಪ್ರತಿ ಫ್ರೇಮೂ ಸರಿಯುತ್ತೆ). ಏನು ಸರಿ ಮಾಡಬೇಕು?

ಹುಬ್ಳಿ_ಪಿಕ್ಸೆಲ್

ಮೊದ್ಲನೇದಕ್ಕ ನಾ ಹೇಳ್ತೀನಿ ತಮ್ಮಾ.

ಅಂಚು ಮಸುಕಾಗೋದು ಅಂದ್ರ ಹಿಗ್ಗಿಸುವಾಗ ಸಾಫ್ಟ್‌ವೇರು ನಡುವಿನ ಬಣ್ಣ ತಾನೇ ಕಲಸಾಕತ್ತೈತಿ. ನಿಯರೆಸ್ಟ್ ನೇಬರ್ (ಬಣ್ಣ ಕಲಸದ ಹಿಗ್ಗಿಸೋ ವಿಧಾನ) ಆರಿಸ್ಕೊ. ಆಫ್ಟರ್ ಎಫೆಕ್ಟ್ಸ್‌ನ್ಯಾಗ ಲೇಯರಿನ ಕ್ವಾಲಿಟಿ ಸ್ವಿಚ್ ಡ್ರಾಫ್ಟಿಗೆ ತಂದ್ರ ಅದ ಆಗ್ತದ, ಬ್ಲೆಂಡರಿನ್ಯಾಗ ಇಮೇಜ್ ಟೆಕ್ಸ್ಚರಿಗೆ ‘ಕ್ಲೋಸೆಸ್ಟ್’. ಅಷ್ಟ ಸಾಲಂಗಿಲ್ಲ, ಹಿಗ್ಗಿಸೋದು ಪೂರ್ಣ ಸಂಖ್ಯೆಯಿಂದ ಇರಬೇಕು. 1920×1080ಕ್ಕ ಸರಿಯಾಗಿ ಕೂಡೋ ಅಳತಿ ಮೂರು ನೆನಪಿಟ್ಕೊ: 320×180 ಆರು ಪಟ್ಟು, 384×216 ಐದು ಪಟ್ಟು, 480×270 ನಾಲ್ಕು ಪಟ್ಟು. ಅಪ್ಪಟ ನಿಂಟೆಂಡೊ ಅಳತಿ 256×240 ಬೇಕಂದ್ರ ನಾಲ್ಕು ಪಟ್ಟಿಗೆ 960 ಸಾಲು ಆಗ್ತದ, ಮ್ಯಾಲೊಂದು 60 ತೆಳಗೊಂದು 60 ಖಾಲಿ ಉಳೀತದ. 4.5 ಪಟ್ಟು ಮಾಡಿ ತುಂಬಿಸಾಕ ಹೋದ್ರ ಒಂದು ಚುಕ್ಕಿ 4, ಪಕ್ಕದ್ದು 5 ಅಗಲ ಬಂದು ಗೆರಿ ಎಲ್ಲಾ ಸೊಟ್ಟ.

ಸ್ಟಿಕ್ಕರ್ ಹಂಗ ಕಾಣೂದಕ್ಕ ಕಾರಣ ಬ್ಯಾರೆ. ಭಾಳ ಮಂದಿ ಸ್ಪ್ರೈಟನ್ನ (ಪಿಕ್ಸೆಲ್ ಪಾತ್ರದ ಚಿತ್ರಾನ) ನಾರ್ಮಲ್ ಲೇಯರ್ ಹಂಗ ತಿರುಗಿಸ್ತಾರ, 1 ಪಿಕ್ಸೆಲ್ ಸರಿಸ್ತಾರ, 130 ಪರ್ಸೆಂಟ್ ಜೂಮ್ ಮಾಡ್ತಾರ. ಆಗ ಪರದೆ ಮ್ಯಾಲೆ ಮೂರು ಗಾತ್ರದ ಚುಕ್ಕಿ, ಓರೆ ನಿಂತ ಚುಕ್ಕಿ, ಎಲ್ಲಾ ಕೂಡ್ತಾವ. ಆರು ಪಟ್ಟು ಹಿಗ್ಗಿಸಿದ್ರ ಆ ಪಾತ್ರ ಸರಿಯೂದೂ 6ರ ಲೆಕ್ಕದಾಗ ಇರಬೇಕು: 6, 12, 18. ತಿರುಗಿಸಬ್ಯಾಡ, ತಿರುಗಿದ ಚಿತ್ರ ಬ್ಯಾರೆನ ಬರಿ. ಇದನ್ನ ಮರಿಯದಂಗ ಮಾಡಾಕ ಹಾದಿ ಅಂದ್ರ, ಪಾತ್ರದ ಎಲ್ಲಾ ಚಲನೆ 320×180 ಕಾಂಪಿನೊಳಗ (ಲೇಯರ್ ಕೂಡಿಸೋ ಕಾಂಪೊಸಿಷನ್ ಒಳಗ) ಮುಗಿಸಿ, ಆ ಕಾಂಪನ್ನ ಇಡಿಯಾಗಿ ಹಿಗ್ಗಿಸು.

ನೆರಳು ಮಾತ್ರ ಬ್ಯಾಕ್‌ಗ್ರೌಂಡಿನ ಭಾಷೆಯೊಳಗ ಇರಲಿ. ಕಾಲ ಬುಡಕ್ಕ ಕೈಯಿಂದ ಬರೆದ, ಬ್ರಷ್ ಅಂಚಿನ ನೆರಳು. ಆಗ ‘ಇವಾ ಬ್ಯಾರೆ ಲೋಕದಾವ, ಆದ್ರ ಇಲ್ಲೇ ನಿಂತಾನ’ ಅಂತ ಕಣ್ಣು ಒಪ್ತದ. ರಂಬಲ್‌ನ ಪಿಕ್ಸೆಲ್ ಕೆಲಸ ಮಾಡಿದಾಂವ ಪಾಲ್ ರಾಬರ್ಟ್‌ಸನ್, 2010ರ ಸ್ಕಾಟ್ ಪಿಲ್‌ಗ್ರಿಮ್ ಗೇಮಿನ ಸ್ಪ್ರೈಟು ಬರೆದಾಂವನೂ ಅವನ. ಗೇಮಿನ ಕೈಯನ್ನ ಕರೆಸಿ ಮಾಡಿಸ್ಯಾರ, ಫಿಲ್ಟರ್ ಹಾಕಿಲ್ಲ. ಪೇಂಟ್ ಮಾಡಿದ ಚಿತ್ರಕ್ಕ ಮೊಸಾಯಿಕ್ ಫಿಲ್ಟರ್ ಹಾಕಿ ‘8-ಬಿಟ್’ ಅನ್ನೋರಿಗೆ ಏನ್ ಹೇಳೋಣು.

ಎಕ್ಸ್‌ಶೀಟ್

ಕಾಲು ಜಾರೋದು ಬರೀ ಗಣಿತ. 8 ಚಿತ್ರ ಟೂಸ್‌ನಲ್ಲಿ ಅಂದ್ರೆ 16 ಫ್ರೇಮಿಗೆ ಎರಡು ಹೆಜ್ಜೆ. ಒಂದು ಹೆಜ್ಜೆಯ ಉದ್ದ ಅಳೆಯಿರಿ. 60 ಪಿಕ್ಸೆಲ್ ಇದ್ದರೆ ಸೈಕಲ್ಲಿಗೆ 120, ಫ್ರೇಮಿಗೆ 7.5. ಅರ್ಧ ಪಿಕ್ಸೆಲ್ ಇಲ್ಲೇ ತೊಂದರೆ ಕೊಡುತ್ತೆ. ಹೆಜ್ಜೆಯನ್ನ 64ಕ್ಕೆ ಎಳೆಯಿರಿ, ಸೈಕಲ್ಲಿಗೆ 128, ಫ್ರೇಮಿಗೆ ಸರಿಯಾಗಿ 8.

ಆದರೂ ಜಾರುತ್ತೆ, ಯಾಕಂದ್ರೆ ಚಿತ್ರ ಎರಡು ಫ್ರೇಮ್ ನಿಲ್ಲುತ್ತೆ, ನೆಲ ಪ್ರತಿ ಫ್ರೇಮೂ ಓಡುತ್ತೆ. ನೆಲಕ್ಕೆ ಊರಿದ ಪಾದ ಎರಡನೇ ಫ್ರೇಮಿನಲ್ಲಿ 8 ಪಿಕ್ಸೆಲ್ ಜಾರಲೇಬೇಕು. ದಾರಿ ಎರಡು. ವಾಕ್ ಸೈಕಲ್ ಒನ್ಸ್‌ಗೆ ತನ್ನಿ, 16 ಚಿತ್ರ, ಕೆಲಸ ದುಪ್ಪಟ್ಟು. ಇಲ್ಲವೇ ಆ ಶಾಟಿನ ಪ್ಯಾನನ್ನೂ ಟೂಸ್‌ಗೆ ಇಳಿಸಿ, ಎರಡು ಫ್ರೇಮಿಗೊಮ್ಮೆ 16 ಪಿಕ್ಸೆಲ್. ಉದ್ದದ ನೇರ ಗೆರೆಗಳಿರೋ ಹಿನ್ನೆಲೆಯಲ್ಲಿ (ಬೇಲಿ, ಕಂಬ, ಕಿಟಕಿ ಸಾಲು) ಇದು ಕಣ್ಣಿಗೆ ಚುಚ್ಚುತ್ತೆ. ಗಿಡಗಂಟಿ, ಮೋಡ, ಗುಡ್ಡ ಇದ್ದರೆ ನಡೆಯುತ್ತೆ. ಪಿಕ್ಸೆಲ್ ಶಾಟಾದರೆ ಟೂಸೇ ಮೇಲು.

ಪ್ಯಾರಲಾಕ್ಸ್ ಪದರಗಳಿಗೂ (ದೂರಕ್ಕೆ ತಕ್ಕ ಹಾಗೆ ಬೇರೆ ಬೇರೆ ವೇಗದಲ್ಲಿ ಓಡೋವಕ್ಕೂ) ಇದೇ ಶಿಸ್ತು: ನೆಲ 8, ಹಿಂದಿನ ಮರ 4, ಗುಡ್ಡ 2, ಮೋಡ 1, ಎದುರಿನ ಹುಲ್ಲು 16. ಅರ್ಧರ್ಧ ಮಾಡ್ತಾ ಹೋದರೆ ಯಾವ ಪದರಕ್ಕೂ ಭಿನ್ನರಾಶಿ ಬರಲ್ಲ. ಲೂಪ್ ಆಗೋ ಹಿನ್ನೆಲೆಯ ಅಗಲ ಆಯಾ ಪದರದ ವೇಗದಿಂದ ಭಾಗವಾಗಬೇಕು. ಇಲ್ಲವಾದರೆ ಹೊಲಿಗೆ ಕಾಣುತ್ತೆ.

ಹುಬ್ಳಿ_ಪಿಕ್ಸೆಲ್

ಒಂದು ಎಚ್ಚರಿಕೆ ಬಿಟ್ಟಿದ್ದೆ. ಹಳೇ ನಿಂಟೆಂಡೊದಾಗ ಒಂದು ಅಡ್ಡಸಾಲಿಗೆ 8 ಸ್ಪ್ರೈಟಿನ ಮಿತಿ, ಪರದೆಗೆಲ್ಲಾ 64. ಒಂದೊಂದು 8 ಚುಕ್ಕಿ ಅಗಲ. 16 ಅಗಲದ ಪಾತ್ರ ನಾಕು ನಿಂತ್ರ ಕೋಟಾ ಮುಗೀತು. ಐದನೇದು ಬಂದ್ರ ಯಂತ್ರ ಅದನ್ನ ಬರಿಯಂಗಿಲ್ಲ. ಅದಕ್ಕ ಪ್ರೋಗ್ರಾಮರು ಸರದಿ ಬದಲಿಸಿ ಬದಲಿಸಿ ತೋರಿಸ್ತಿದ್ರು, ಅದ ಫ್ಲಿಕರ್. ಆ ಹಳೇ ರುಚಿ ಬೇಕಂತ ಕಾರ್ಟೂನಿನ್ಯಾಗ ಫ್ರೇಮ್ ಬಿಟ್ಟು ಫ್ರೇಮ್ ಪಾತ್ರ ಮಾಯ ಮಾಡಿದ್ರ ಅದು ಸೆಕೆಂಡಿಗೆ 12 ಸಲ ಮಿನುಗಿದಂಗ.

12 ಅನ್ನೋ ಸಂಖ್ಯೆ ಸುಮ್ನ ಅಲ್ಲ. 1997ರ ಡಿಸೆಂಬರ್ 16ಕ್ಕ ಜಪಾನಿನ್ಯಾಗ ಪ್ರಸಾರ ಆದ ‘ಪೋಕೆಮಾನ್’ ಎಪಿಸೋಡಿನ್ಯಾಗ ಕೆಂಪು-ನೀಲಿ ಬೆಳಕು ಹೆಚ್ಚುಕಮ್ಮಿ ಅದ ವೇಗದಾಗ ಮಿನುಗಿತ್ತು, ಸುಮಾರು 685 ಮಂದಿ ಆಸ್ಪತ್ರೆ ಸೇರಿದ್ರು, ಹೆಚ್ಚಿನವ್ರು ಮಕ್ಕಳು. ಗೇಮಿನಿಂದ ಹುಟ್ಟಿದ ಕಾರ್ಟೂನ್, ಕಂಪ್ಯೂಟರಿನ ಒಳಗ ನಡೆಯೋ ಕತಿ. ಈಗ ಪ್ರಸಾರದವ್ರು ಸಾಮಾನ್ಯವಾಗಿ ಕೇಳೋದು: ಪರದೆಯ ಕಾಲುಭಾಗಕ್ಕಿಂತ ದೊಡ್ಡ ಜಾಗದಾಗ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಫ್ಲ್ಯಾಶ್ ಬ್ಯಾಡ. ತುಂಬು ಕೆಂಪು ಇನ್ನೂ ಅಪಾಯ. ಫ್ಲಿಕರ್ ಬೇಕಾದ್ರ ಸಣ್ಣ ಪಾತ್ರಕ್ಕಷ್ಟ, 4 ಫ್ರೇಮ್ ಕಾಣಿಸಿ 4 ಫ್ರೇಮ್ ಅರ್ಧ ಮಸುಕು ಮಾಡು, ಪೂರಾ ಮಾಯ ಬ್ಯಾಡ.

ನಾದಚಿಪ್

ಯಾರೂ ಸದ್ದಿನ ಬಗ್ಗೆ ಮಾತಾಡಲಿಲ್ಲ, ಅದೇ ಅತಿ ಹೆಚ್ಚು ದಾಟಿ ಬಂದಿರೋದು.

‘ಸ್ಟೀವನ್ ಯೂನಿವರ್ಸ್’ಗೆ (ಶುರುವಾದದ್ದು 2013) ಸಂಗೀತ ಕೊಟ್ಟ ಐವಿ ಟ್ರಾನ್ ಮತ್ತು ಸುರಾಶು ಜೋಡಿ ಗೇಮ್ ಸಂಗೀತ, ಚಿಪ್‌ಟ್ಯೂನ್ (ಹಳೇ ಗೇಮ್ ಚಿಪ್ಪಿನ ಸದ್ದಿನ ಸಂಗೀತ) ವಲಯದಿಂದಲೇ ಬಂದದ್ದು. ಪರ್ಲ್‌ಗೆ ಪಿಯಾನೊ, ಸ್ಟೀವನ್‌ಗೆ ಯುಕುಲೇಲೆ ಜೊತೆಗೆ ಚಿಪ್ ಸದ್ದು, ಹೀಗೆ ಪಾತ್ರಕ್ಕೊಂದು ವಾದ್ಯ. ಇಬ್ಬರು ಸೇರಿ ಒಬ್ಬರಾದಾಗ ವಾದ್ಯಗಳೂ ಸೇರುತ್ತವೆ. ಚಾನೆಲ್ ಎಣಿಸಿ ಬರೆಯುವವರ ಯೋಚನೆ ಅದು. ನಿಂಟೆಂಡೊದಲ್ಲಿ ಇದ್ದದ್ದೇ 5 ಚಾನೆಲ್: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಒಂದು ಸ್ಯಾಂಪಲ್. ಟ್ರಯಾಂಗಲ್‌ಗೆ ವಾಲ್ಯೂಮ್ ಹೆಚ್ಚುಕಮ್ಮಿ ಮಾಡೋ ಸೌಲಭ್ಯವೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಆ ಬೇಸ್ ಅಷ್ಟು ಕಡಕ್ಕಾಗಿ ನಿಲ್ಲುತ್ತೆ. ಪ್ಲಗಿನ್ ಹಾಕಿ ಟ್ರಯಾಂಗಲ್ಲಿಗೆ ಫೇಡ್ ಕೊಟ್ಟರೆ ಕಿವಿ ಪಳಗಿದವರಿಗೆ ತಕ್ಷಣ ಗೊತ್ತಾಗುತ್ತೆ.

ಕೊನೆವರ್ಷದವರಿಗೆ ಉಪಯೋಗಕ್ಕೆ ಬರೋ ಲೆಕ್ಕ. 60 ಹರ್ಟ್ಜ್ ಚಿಪ್ ಸಂಗೀತಕ್ಕೆ ಸಹಜ ಲಯ 150 ಬಿಪಿಎಂ (ನಿಮಿಷಕ್ಕೆ 150 ಬೀಟ್), ಬೀಟಿಗೆ 24 ಟಿಕ್ (ಸೆಕೆಂಡಿನ 60ನೇ ಪಾಲು), ಚೆನ್ನಾಗಿ ಭಾಗವಾಗುತ್ತೆ. ಅದೇ 24 ಫ್ರೇಮಿನ ಕಾರ್ಟೂನಿಗೆ ತಂದರೆ ಬೀಟಿಗೆ 9.6 ಫ್ರೇಮ್. ನೀವು 10 ಫ್ರೇಮಿಗೊಂದು ಹೆಜ್ಜೆ ಇಟ್ಟರೆ 5 ಬೀಟಿಗೆ 2 ಫ್ರೇಮ್ ಹಿಂದೆ ಬೀಳ್ತೀರಿ, 5 ಸೆಕೆಂಡಿನಲ್ಲಿ ಲಯ ಪೂರ್ತಿ ತಪ್ಪಿರುತ್ತೆ. ಬಿಡಿಸೋದು ಸುಲಭ: ಹಾಡು 144ಕ್ಕೆ ಇಳಿಸಿ, ಬೀಟಿಗೆ ಸರಿಯಾಗಿ 10 ಫ್ರೇಮ್. 120 ಆದರೆ 12, 160 ಆದರೆ 9, 180 ಆದರೆ 8. ಹಾಡು 150ರಲ್ಲೇ ಕಟ್ಟುಬಿದ್ದಿದ್ದರೆ 5 ಬೀಟಿಗೆ 48 ಫ್ರೇಮ್ ಸರಿ ಹೊಂದುತ್ತೆ, ಮುಖ್ಯ ಏಟು, ಕಟ್ ಎಲ್ಲ ಅಲ್ಲಿಗೇ ಇಡಿ.

ನಮ್ಮ ಕಡೆಯ ಕಿವಿಗೆ ಸಂಬಂಧಪಟ್ಟದ್ದೊಂದು. ಆಗಿನ ಭಾರತದ ಟಿವಿ ಪಾಲ್ ಪದ್ಧತಿಯದು, 50 ಹರ್ಟ್ಜ್. ‘9999-ಇನ್-1’ ಕ್ಯಾಸೆಟ್ ಹಾಕಿ ಆಡ್ತಿದ್ದ ನಕಲು ಯಂತ್ರಗಳಲ್ಲಿ 50ಕ್ಕೆ ಹೊಂದಿಸಿದವುಗಳ ಮೇಲೆ 60ಕ್ಕೆ ಬರೆದ ಗೇಮ್ ಆರರಲ್ಲಿ ಒಂದು ಪಾಲು ನಿಧಾನ. 150ರ ಹಾಡು 125ಕ್ಕೆ ಇಳಿಯುತ್ತೆ. ‘ಕಾಂಟ್ರಾ’ ಹಾಡು ಯೂಟ್ಯೂಬಲ್ಲಿ ಕೇಳಿ ‘ಇದ್ಯಾಕೆ ಇಷ್ಟು ಓಡ್ತಿದೆ’ ಅನ್ನಿಸಿದರೆ ಕಾರಣ ಅದು. ಇಲ್ಲಿಯ ನೋಡುಗರಿಗೆ ನಾಸ್ಟಾಲ್ಜಿಯಾ ಶಾಟ್ ಮಾಡುವಾಗ 125 ಇಟ್ಟುಕೊಂಡರೂ ತಪ್ಪಿಲ್ಲ.

ದಾಳ_ಉರುಳಿಸು

ಗೇಮಿನಿಂದ ಕಾರ್ಟೂನಿಗೆ ಒಮ್ಮುಖ ದಾರಿ ಅಂತ ತಿಳಿಯೋದು ಬೇಡ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಓಟ, ಜಿಗಿತ ನೆನಪಿದೆಯಲ್ಲ. ಜೋರ್ಡನ್ ಮೆಕ್ನರ್ ತಮ್ಮನನ್ನ ಓಡಿಸಿ, ಹಾರಿಸಿ ವಿಡಿಯೊ ತೆಗೆದು ಫ್ರೇಮ್ ಫ್ರೇಮಾಗಿ ಬರೆದದ್ದು. ಕತ್ತಿಯುದ್ಧಕ್ಕೆ 1938ರ ರಾಬಿನ್ ಹುಡ್ ಸಿನಿಮಾ. ಅಂದ್ರೆ ರೋಟೋಸ್ಕೋಪ್, ಕಾರ್ಟೂನಿನವರ ಹಳೇ ಉಪಾಯ, ಗೇಮಿಗೆ ಹೋಯ್ತು. ಸೈಬರ್ ಕೆಫೆ ಕಾಲದ ಹುಡುಗರು ಅದನ್ನ ‘ಗೇಮಿನ ನಡಿಗೆ’ ಅಂತ ಕಲಿತರು.

2017ರ ‘ಕಪ್‌ಹೆಡ್’ ಇನ್ನೂ ಸ್ಪಷ್ಟ: 1930ರ ದಶಕದ ಕಾರ್ಟೂನಿನ ಕೈ, ಪೆನ್ಸಿಲ್ ಹಿಡಿದು ಕಾಗದದ ಮೇಲೆ ಬರೆದದ್ದು, ಸೆಕೆಂಡಿಗೆ 24 ಚಿತ್ರ. ಆಟ ಮಾತ್ರ 60ರಲ್ಲಿ ಓಡುತ್ತೆ. ಪಾತ್ರ ಜಾಗ ಬದಲಿಸೋದು 60ಕ್ಕೆ, ಚಿತ್ರ ಬದಲಾಗೋದು 24ಕ್ಕೆ, ಹಾಗಾಗಿ ಬಟನ್ ಒತ್ತಿದ್ದಕ್ಕೆ ತಡ ಅನ್ನಿಸಲ್ಲ. ಆಮೇಲೆ 2022ರಲ್ಲಿ ಅದೇ ಗೇಮ್ ನೆಟ್‌ಫ್ಲಿಕ್ಸಿನಲ್ಲಿ ಕಾರ್ಟೂನ್ ಆಯ್ತು. ಯಾರ ಪ್ರಭಾವ ಯಾರ ಮೇಲೆ ಅಂತ ಗೆರೆ ಎಳೆಯೋರು ಎಳೆದುಕೊಳ್ಳಲಿ.

ಕಾಮಿಕ್ಸಿನಲ್ಲಿ ಮಾತ್ರ ಮೂರುಬಣ್ಣ ಅವರ ವಾದ ಗಟ್ಟಿ ಅಂತ ಒಪ್ತೀನಿ. ‘ಸ್ಕಾಟ್ ಪಿಲ್‌ಗ್ರಿಮ್’ನಲ್ಲಿ ಸೋತ ಶತ್ರು ನಾಣ್ಯ ಆಗಿ ಉದುರೋದು 1989ರ ‘ರಿವರ್ ಸಿಟಿ ರ್‍ಯಾನ್ಸಮ್’ನಿಂದ ಬಂದದ್ದು. ಹೆಣ ತೋರಿಸಬೇಕಿಲ್ಲ, ಚಿಲ್ಲರೆ ಬಿದ್ದರೆ ಸಾಕು.

ಪಾಲಿಗಾನ್_ಪಾರು

ಎಲ್ಲರೂ ಚುಕ್ಕಿಯಲ್ಲೇ ಸಿಕ್ಕಿಕೊಂಡಿದ್ದೀರಿ. 2023ರ ಅಕ್ಟೋಬರಿನಲ್ಲಿ ಬಂದ ‘ದಿ ಅಮೇಜಿಂಗ್ ಡಿಜಿಟಲ್ ಸರ್ಕಸ್’ ಹಿಂದಿರೋ ಬಾಲ್ಯ ಬೇರೆ, ಅದು ತೊಂಬತ್ತರ ದಶಕದ ಸಿಡಿ-ರಾಮ್ ಮತ್ತು ಮೊದಮೊದಲ 3ಡಿ. ಅದನ್ನ ಹೊರತಂದ ಆಸ್ಟ್ರೇಲಿಯಾದ ಗ್ಲಿಚ್ ಪ್ರೊಡಕ್ಷನ್ಸ್ ಹುಟ್ಟಿದ್ದೇ ‘ಸೂಪರ್ ಮಾರಿಯೊ 64’ ಪಾತ್ರಗಳನ್ನ ಕುಣಿಸಿದ ಮಶಿನಿಮಾ (ಗೇಮನ್ನೇ ಬಳಸಿ ತೆಗೆದ ಸಿನಿಮಾ) ಚಾನೆಲ್ಲಿನಿಂದ. ‘ಆರ್‌ಡಬ್ಲ್ಯುಬಿವೈ’ (2013) ಕಟ್ಟಿದ ಮಾಂಟಿ ಓಮ್ ಕೂಡ ಅಷ್ಟೇ, 2007ರಲ್ಲಿ ಗೇಮ್ ಪಾತ್ರಗಳನ್ನ ಹೊಡೆದಾಡಿಸಿದ ‘ಹ್ಯಾಲಾಯ್ಡ್’ನಿಂದ ಗೊತ್ತಾದವರು. ಇವರ ಪಾಲಿಗೆ ಗೇಮ್ ಬರೀ ನೆನಪಲ್ಲ, ಕೈಗೆ ಸಿಕ್ಕ ಮೊದಲ ಸ್ಟುಡಿಯೊ. ಡೇವಿಡ್ ಓರೈಲಿ ಉಲ್ಟಾ ದಿಕ್ಕು: 2013ರಲ್ಲಿ ‘ಅಡ್ವೆಂಚರ್ ಟೈಮ್’ಗೆ ‘ಎ ಗ್ಲಿಚ್ ಈಸ್ ಎ ಗ್ಲಿಚ್’ ಮಾಡಿ, ಮರುವರ್ಷ ‘ಮೌಂಟನ್’ ಅನ್ನೋ ಗೇಮನ್ನೇ ಹೊರತಂದರು.

ಹಳೇ 3ಡಿ ನೋಟ ಬೇಕಂದ್ರೆ ಯಾವ ಯಂತ್ರದ್ದು ಅಂತ ಮೊದಲು ತೀರ್ಮಾನಿಸಿ. ಪ್ಲೇಸ್ಟೇಷನ್ 1, ನಿಂಟೆಂಡೊ 64 ಎರಡನ್ನೂ ಬೆರೆಸಿದ್ದೇ ಬಹಳಷ್ಟು ವಿಡಿಯೊಗಳ ದೋಷ. ಪ್ಲೇಸ್ಟೇಷನ್ 1 ಶೃಂಗಬಿಂದುಗಳನ್ನ (ಆಕಾರದ ಮೂಲೆಗಳನ್ನ) ಪೂರ್ಣಾಂಕಕ್ಕೆ ಕಟ್ಟುತ್ತೆ, ಹಾಗಾಗಿ ಕ್ಯಾಮೆರಾ ನಿಧಾನ ಸರಿದರೆ ಗೋಡೆ ತರತರ ನಡುಗುತ್ತೆ. ಟೆಕ್ಸ್ಚರಿಗೆ ಪರ್ಸ್‌ಪೆಕ್ಟಿವ್ ತಿದ್ದುಪಡಿ ಇಲ್ಲ, ನೆಲದ ಟೈಲ್ಸ್ ಕರ್ಣದುದ್ದಕ್ಕೂ ಮುರಿದ ಹಾಗೆ ಬಾಗುತ್ತೆ. ಚುಕ್ಕಿ ಚೂಪು. ನಿಂಟೆಂಡೊ 64ರಲ್ಲಿ ನಡುಕ, ಬಾಗು ಎರಡೂ ಇಲ್ಲ, ಆದರೆ ಟೆಕ್ಸ್ಚರ್ ಮೆಮೊರಿ 4 ಕಿಲೋಬೈಟ್ ಮಾತ್ರ, ಅದಕ್ಕೇ ಸಣ್ಣ ಚಿತ್ರವನ್ನ ಹಿಗ್ಗಿಸಿ ಮಸುಕು ಮಾಡಿರ್ತಾರೆ.

ಬ್ಲೆಂಡರಿನಲ್ಲಿ ಪ್ಲೇಸ್ಟೇಷನ್ ನೋಟಕ್ಕೆ: ರೆಂಡರ್ 320×240, ಟೆಕ್ಸ್ಚರ್ 64×64 ಅಥವಾ 128×128, ಕ್ಲೋಸೆಸ್ಟ್. ಕೀಫ್ರೇಮ್ ಇಂಟರ್‌ಪೊಲೇಷನ್ ಕಾನ್ಸ್ಟಂಟ್, ಎರಡು ಫ್ರೇಮಿಗೊಂದು ಭಂಗಿ. ನೆರಳಿಗೆ ಲೈಟ್ ಬೇಡ, ಕಾಲಡಿ ಕಪ್ಪು ಗೋಲ. ಬಣ್ಣದ ಮಬ್ಬು-ಬೆಳಕನ್ನ ಮೆಶ್ಶಿನ ವರ್ಟೆಕ್ಸ್ ಕಲರ್‌ನಲ್ಲೇ ತುಂಬಿ. ನೆಲದ ಪಾಲಿಗಾನನ್ನ ತುಂಡು ತುಂಡು ಮಾಡಿದಷ್ಟೂ ಬಾಗು ಕಮ್ಮಿ ಆಗುತ್ತೆ. ಆ ಕಾಲದ ಗೇಮಿನವರೂ ಅದನ್ನೇ ಮಾಡ್ತಿದ್ದರು. ಇಷ್ಟೆಲ್ಲ ಮಾಡಿ ಮೋಷನ್ ಬ್ಲರ್ ಆನ್ ಬಿಟ್ಟರೆ ಎಲ್ಲ ಹಾಳು, ಅದನ್ನ ಆರಿಸೋದು ಮರೀಬೇಡಿ.

ಮೂರುಬಣ್ಣ

ಪಾರು ಅವರೇ, 3ಡಿಯಲ್ಲಿ ಚಲನೆಯಿಂದಲೇ ಯುಗ ತೋರಿಸಿದ್ದಕ್ಕೆ 2012ರ ‘ರೆಕ್-ಇಟ್ ರಾಲ್ಫ್’ ಸೇರಿಸಿ. ಅಪಾರ್ಟ್‌ಮೆಂಟಿನ ಆ ಗಿಡ್ಡ ಮಂದಿಯ ಮಾಡೆಲ್ ನುಣ್ಣಗಿದೆ, ಬೆಳಕು ಆಧುನಿಕ. ಆದರೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಪಟಕ್ಕನೆ ಹಾರ್ತಾರೆ, ನಡುವೆ ಚಿತ್ರವೇ ಇಲ್ಲ. ಕೇಕ್ ಎಗರಿದಾಗ ಗೋಡೆಗೆ ಅಂಟೋ ಕ್ರೀಮ್ ಕೂಡ ಚೌಕಚೌಕ. ಆ ದೃಶ್ಯದಲ್ಲಿ ಪಿಕ್ಸೆಲ್ ಚಿತ್ರ ತೋರಿಸದೆ 8-ಬಿಟ್ ಅನ್ನಿಸಿದರು.

ಒಂದು ಕಾನೂನು ಮಾತು ಬದಿಗೆ. ‘ರೆಗ್ಯುಲರ್ ಶೋ’ದ ಹೈ-ಸ್ಕೋರ್ ವೀರ ಬಾಹ್ಯಾಕಾಶದ ತೇಲೋ ತಲೆ. ‘ಇದು ನನ್ನನ್ನೇ ಅಣಕಿಸಿದ್ದು’ ಅಂತ ಡಾಂಕಿ ಕಾಂಗ್ ದಾಖಲೆಗೆ ಹೆಸರಾದ ಒಬ್ಬ ಆಟಗಾರ ಕೋರ್ಟಿಗೆ ಹೋದರು, 2015ರಲ್ಲಿ ಅದು ವಜಾ ಆಯ್ತು. ಅಣಕ ಮಾಡೋದಾದರೆ ಅಷ್ಟು ದೂರ ಎಳೆದರೇ ಕ್ಷೇಮ. ಗೇಮಿನ ನಿಜವಾದ ಸ್ಪ್ರೈಟು, ಸದ್ದು ಎತ್ತಿ ಹಾಕೋದು ಬೇರೆ ಕತೆ, ಫೆಸ್ಟಿವಲ್ ನಮೂನೆಯಲ್ಲಿ ಹಕ್ಕು ಯಾರದ್ದು ಅಂತ ಕೇಳ್ತಾರೆ. ನಿಯಮ, ಟೈಮಿಂಗ್, ನೋಟ ತಗೊಳ್ಳಿ. ಫೈಲ್ ತಗೋಬೇಡಿ.

ಕೊನೆವರ್ಷ

ಪ್ಯಾನ್ ಟೂಸ್‌ಗೆ ಇಳಿಸಿದ ಮೇಲೆ ಕಾಲು ನಿಂತಿದೆ, ತುಂಬಾ ಥ್ಯಾಂಕ್ಸ್. ಹುಬ್ಳಿಯಣ್ಣಾ, ಕೊನೆಯದೊಂದು: ಪಿಕ್ಸೆಲ್ ಪಾತ್ರ ಎರಡು ಕಡೆಗಷ್ಟೇ ಮುಖ ಮಾಡುತ್ತೆ. ಮಾತುಕತೆ ಶಾಟಿನಲ್ಲಿ ಎದುರಿನವಳು ಕ್ಯಾಮೆರಾ ಕಡೆ ಮುಕ್ಕಾಲು ತಿರುಗಿ ನಿಂತಿದ್ದಾಳೆ. ಇವನನ್ನೂ ಹಾಗೇ ಬರೆಯಬೇಕಾ?

ಹುಬ್ಳಿ_ಪಿಕ್ಸೆಲ್

ಬರಿಬ್ಯಾಡ. ಅಂವ ಎಡಕ್ಕ ನೋಡಲಿ, ಇಲ್ಲಾ ಬಲಕ್ಕ. ತಿರುಗೂದು 1 ಫ್ರೇಮಿನ್ಯಾಗ, ಕನ್ನಡಿ ಹಿಡಿದಂಗ ಉಲ್ಟಾ. ಎದೆ ಮ್ಯಾಲೆ ಅಕ್ಷರ, ಒಂದ ಕೈಗೆ ಗ್ಲೌಸು ಇದ್ರ ಉಲ್ಟಾ ಆದಾಗ ಅದೂ ಬದಲಾಗ್ತದ. ಗೇಮಿನ್ಯಾಗ ಹಂಗ ಆಗ್ತಿತ್ತು, ಹಂಗ ಬಿಡು, ನಗೂ ಬರ್ತದ. ಶಾಟ್ ಬದಲ್ಸು: ಇಬ್ಬರನ್ನೂ ಪಕ್ಕದಿಂದ ನೋಡೋ ಚಪ್ಪಟೆ ಟೂ-ಶಾಟ್, ಆಕಿ ಮುಕ್ಕಾಲು ತಿರುಗಿದ್ದು ಹಂಗ ಇರಲಿ. ಕ್ಲೋಸ್‌ಅಪ್ ಬೇಕಾದ್ರ ಅದ ಸ್ಪ್ರೈಟನ್ನ 6ರ ಬದ್ಲಿ 12 ಪಟ್ಟು ಮಾಡಿ ಕಟ್ ಮಾಡು, ಜೂಮ್ ಬ್ಯಾಡ. ಬಾಯಿಗೆ ಎರಡ ಚಿತ್ರ ಸಾಕು, ತೆರೆದದ್ದು ಮುಚ್ಚಿದ್ದು, 4 ಫ್ರೇಮಿಗೊಮ್ಮೆ. ಲಿಪ್‌ಸಿಂಕ್ ಹೊಂದಿಸಾಕ ಹೋಗಬ್ಯಾಡ, ಹೊಂದಿದ್ರ ಅಂವ ಆ ಲೋಕದಾವ ಆಗಿಬಿಡ್ತಾನ. ರೆಂಡರ್ ಪಿಎನ್‌ಜಿ ಸೀಕ್ವೆನ್ಸಿನ್ಯಾಗ ತೆಗಿ, ಕಡೀಗೆ ಅಷ್ಟ ಎಮ್‌ಪಿ4. ಮೊದ್ಲ ಎಮ್‌ಪಿ4 ಮಾಡಿ ಆಮ್ಯಾಲೆ ಹಿಗ್ಗಿಸಿದ್ರ ಬಣ್ಣದ ಮಾಹಿತಿ ಭಾಳಷ್ಟು ಹೋಗಿರ್ತದ, ಕೆಂಪು ಗೆರಿ ಎಲ್ಲಾ ಸೋರಿದಂಗ ಕಾಣ್ತದ.